ನಿಲ್ಲುವ ದೂರ

ಮಂಡ್ಯವಾಗಲಿ ಮದ್ದೂರಾಗಲಿ ಮಳವಳ್ಳಿಯಾಗಲಿ, ಮೊದಲ ಬೈಕ್ ಕೊಳ್ಳಲು ಶೋರೂಮಿಗೆ ಬಂದ ಮನೆಯವರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಎರಡೇ. ಹುಡುಗ ‘ಎಷ್ಟು ಸಿಸಿ?’ ಅನ್ನುತ್ತಾನೆ, ಅಪ್ಪ ‘ಲೀಟ್ರಿಗೆ ಎಷ್ಟು ಕೊಡ್ತದೆ?’ ಅನ್ನುತ್ತಾನೆ. ಎರಡೂ ಗಾಡಿಯ ಓಟಕ್ಕೆ ಸಂಬಂಧಪಟ್ಟವು. ನಿಲ್ಲುವ ವಿಷಯ ಯಾರೂ ಎತ್ತುವುದಿಲ್ಲ. ಎತ್ತಿದರೂ ಮಾರುವವರ ಬಳಿ ಉತ್ತರ ಸಿಗುವುದು ಅನುಮಾನ, ಏಕೆಂದರೆ ಬ್ರೋಷರುಗಳಲ್ಲಿ ಅಶ್ವಶಕ್ತಿ, ಟಾರ್ಕು, ಬಣ್ಣಗಳ ಹೆಸರು ಎಲ್ಲ ಇದ್ದು, ನಲವತ್ತರಲ್ಲಿ ಹೋಗುವಾಗ ಬ್ರೇಕ್ ಹಾಕಿದರೆ ಗಾಡಿ ಎಷ್ಟು ಮೀಟರಿಗೆ ನಿಲ್ಲುತ್ತದೆ ಎಂಬುದು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹೆಲ್ಮೆಟ್ಟಿನ ಮಾತು ಬರುವುದು ವ್ಯಾಪಾರವೆಲ್ಲ ಕುದುರಿದ ಮೇಲೆ, ಸೀಟ್ ಕವರ್, ಲೆಗ್ ಗಾರ್ಡ್‌ಗಳ ಸಾಲಿನಲ್ಲಿ ಕೊನೆಗೆ. ಈ ಕ್ರಮವೇ ತಿರುಗುಮುರುಗು ಎಂಬುದು ಈ ಅಧ್ಯಾಯದ ವಾದ. ಹೊಸ ಸವಾರ ದುಡ್ಡು ಕೊಟ್ಟು ಕೊಳ್ಳಬೇಕಾದ ಮುಖ್ಯ ಸಾಮಾನು ದೂರ. ತಲೆ ನೆಲಕ್ಕೆ ಬಡಿದಾಗ ಅದು ನಿಲ್ಲಲು ಸಿಗುವ ಕೆಲವು ಸೆಂಟಿಮೀಟರುಗಳನ್ನು ಹೆಲ್ಮೆಟ್ ಕೊಡುತ್ತದೆ. ಗಾಡಿ ನಿಲ್ಲಲು ತಿನ್ನುವ ಮೀಟರುಗಳನ್ನು ಬೈಕಿನ ಬ್ರೇಕು, ತೂಕ, ಟೈರು ನಿರ್ಧರಿಸುತ್ತವೆ. ಮೊದಲನೆಯದು ಹೆಚ್ಚಿದಷ್ಟೂ ಒಳ್ಳೆಯದು, ಎರಡನೆಯದು ಕಡಿಮೆಯಾದಷ್ಟೂ ಒಳ್ಳೆಯದು. ಸಿಸಿಯೂ ಮೈಲೇಜೂ ಇವೆರಡರ ನಂತರ.

ಸೆಂಟಿಮೀಟರಿನ ಲೆಕ್ಕವನ್ನು ಮೊದಲು ಮಾಡೋಣ. ಈ ಮೂರು ಊರುಗಳಲ್ಲಿ ಹೆಲ್ಮೆಟ್ಟಿಗೆ ಎದುರಾಗುವ ಅತಿ ದೊಡ್ಡ ಆಕ್ಷೇಪ ‘ಇಲ್ಲೇ ದೊಡ್ಡಿಗಂಟ ಹೋಗಿ ಬತ್ತೀನಿ’ ಎಂಬ ಒಂದು ವಾಕ್ಯ. ಅದರೊಳಗೆ ಒಂದು ತರ್ಕವೂ ಇದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಂತುಹೋಯಿತು. ಹಾಗಾಗಿ ಮಂಡ್ಯ ಸೀಮೆಯ ಬೈಕ್ ಸವಾರ ಓಡಾಡುವುದು ಸರ್ವಿಸ್ ರಸ್ತೆಯಲ್ಲಿ, ಊರೊಳಗಿನ ಹಳೆ ಹೆದ್ದಾರಿಯಲ್ಲಿ, ಮದ್ದೂರು–ಮಳವಳ್ಳಿ–ಕೊಳ್ಳೇಗಾಲ ರಸ್ತೆಯಲ್ಲಿ, ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಯತ್ತ ಹೋಗುವ ದಾರಿಗಳಲ್ಲಿ, ನಾಲೆ ಏರಿಯ ಮೇಲೆ. ಇಲ್ಲೆಲ್ಲ ವೇಗ ಮೂವತ್ತು–ನಲವತ್ತರ ಆಸುಪಾಸು. ಇಷ್ಟು ನಿಧಾನಕ್ಕೆ ಹೋಗುವವನಿಗೆ ತಲೆಗವಸು ಯಾಕೆ? ಈ ತರ್ಕ ತಪ್ಪುವುದು ಒಂದೇ ಕಡೆ: ತಲೆ ನೆಲಕ್ಕೆ ಬಡಿಯುವ ವೇಗಕ್ಕೂ ಸ್ಪೀಡೋಮೀಟರ್ ತೋರಿಸುವ ವೇಗಕ್ಕೂ ನೇರ ಸಂಬಂಧವಿಲ್ಲ. ಬೈಕಿನ ಮೇಲೆ ಕೂತವನ ತಲೆ ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 19–20 ಕಿಲೋಮೀಟರ್ ವೇಗ ಪಡೆದಿರುತ್ತದೆ. ಗಾಡಿ ಸಿಗ್ನಲ್‌ನಲ್ಲಿ ನಿಂತಿದ್ದರೂ ಅಷ್ಟೇ, ನಲವತ್ತರಲ್ಲಿ ಹೋಗುತ್ತಿದ್ದರೂ ಅಷ್ಟೇ. ದೊಡ್ಡಿ ಹತ್ತಿರವಿದೆಯೆಂದು ಗುರುತ್ವ ರಿಯಾಯಿತಿ ಕೊಡುವುದಿಲ್ಲ.

ಆ ವೇಗದಿಂದ ತಲೆ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇದಕ್ಕೊಂದು ಸುಲಭ ಸೂತ್ರವಿದೆ, ಎಸ್‌ಎಸ್‌ಎಲ್‌ಸಿ ಓದಿದವರು ಎರಡು ಸಾಲಿನಲ್ಲಿ ಸಾಧಿಸಬಹುದು: ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿ. ಬರುವ ಸಂಖ್ಯೆ, ತಲೆ ಅನುಭವಿಸುವ ಸರಾಸರಿ ಹೊಡೆತ ಗುರುತ್ವದ ಎಷ್ಟು ಪಟ್ಟು ಎಂಬುದನ್ನು ಹೇಳುತ್ತದೆ. ಬರಿದಲೆ ಟಾರಿಗೆ ಬಡಿದರೆ ಚರ್ಮ ಅಮುಕಿ, ಮೂಳೆ ಒಂದಿಷ್ಟು ಬಾಗಿ, ಎಲ್ಲ ಸೇರಿ ಸಿಗುವ ದೂರ ಐದು ಮಿಲಿಮೀಟರ್ ಎಂದಿಟ್ಟುಕೊಳ್ಳಿ. 1,500 ಮಿಲಿಮೀಟರನ್ನು 5ರಿಂದ ಭಾಗಿಸಿದರೆ 300. ಗುರುತ್ವದ ಮುನ್ನೂರು ಪಟ್ಟು. ಅದೇ ತಲೆ ಹೆಲ್ಮೆಟ್ಟಿನೊಳಗಿನ ಥರ್ಮಾಕೋಲನ್ನು ಪುಡಿಮಾಡುತ್ತಾ 30 ಮಿಲಿಮೀಟರ್ ಚಲಿಸಿ ನಿಂತರೆ 1,500 ಭಾಗಿಸು 30, ಅಂದರೆ 50. ಇವು ಸರಾಸರಿ ಲೆಕ್ಕಗಳು. ಹೊಡೆತದ ಗರಿಷ್ಠ ಕ್ಷಣದಲ್ಲಿ ಸಂಖ್ಯೆ ಇದರ ಒಂದೂವರೆ, ಎರಡು ಪಟ್ಟು ಏರುವುದುಂಟು. ಆದರೂ ಅನುಪಾತ ಬದಲಾಗದು. ಯುರೋಪಿನ ಇಸಿಇ 22.05 ಎಂಬ ಹೆಲ್ಮೆಟ್ ಮಾನದಂಡದಲ್ಲಿ ಗರಿಷ್ಠ ಮಿತಿ 275 ಪಟ್ಟು ಎಂಬುದನ್ನು ಪಕ್ಕಕ್ಕಿಟ್ಟು ನೋಡಿದರೆ, ಬರಿದಲೆಯವನು ನಿಂತಲ್ಲೇ ಬಿದ್ದರೂ ಮಿತಿಯ ಆಚೆಗಿದ್ದಾನೆ, ಹೆಲ್ಮೆಟ್ಟಿನವನು ಅರ್ಧದಷ್ಟೂ ತಲುಪಿಲ್ಲ. ವ್ಯತ್ಯಾಸ ಮಾಡಿದ್ದು ಎರಡೂವರೆ ಸೆಂಟಿಮೀಟರ್ ಥರ್ಮಾಕೋಲು.

ಈ ಸತ್ಯ ವೈದ್ಯಲೋಕದ ಕಣ್ಣಿಗೆ ಬಿದ್ದದ್ದು ಒಬ್ಬ ಪ್ರಸಿದ್ಧ ವ್ಯಕ್ತಿಯ ಸಾವಿನ ನಂತರ. ‘ಅರೇಬಿಯಾದ ಲಾರೆನ್ಸ್’ ಎಂದೇ ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ, ತನ್ನ ಮನೆಯ ಹತ್ತಿರದ ಹಳ್ಳಿ ರಸ್ತೆಯಲ್ಲಿ, ಸೈಕಲ್ ಮೇಲಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬೈಕಿನಿಂದ ಬಿದ್ದ. ಆರು ದಿನ ಪ್ರಜ್ಞೆಯಿಲ್ಲದೆ ಮಲಗಿ ತೀರಿಕೊಂಡ. ಅವನೂ ‘ಇಲ್ಲೇ’ ಹೋಗಿ ಬರುತ್ತಿದ್ದವನೇ. ಅವನನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳು ಶಸ್ತ್ರಚಿಕಿತ್ಸಕನೂ ಇದ್ದ. ಮುಂದೆ ಆತ ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹೆಲ್ಮೆಟ್ಟಿನ ಪರವಾಗಿ ಲೇಖನ ಬರೆದ. ಬ್ರಿಟಿಷ್ ಸೇನೆ ಅದೇ ವರ್ಷ ಹೆಲ್ಮೆಟ್ ಕಡ್ಡಾಯ ಮಾಡಿತು. ಸಾಮಾನ್ಯ ಜನಕ್ಕೆ ಕಾನೂನು ಬರಲು 1973ರವರೆಗೆ ಕಾಯಬೇಕಾಯಿತು.

ಇಷ್ಟು ತಿಳಿದರೆ, ಎಂಥ ಹೆಲ್ಮೆಟ್ ಕೊಳ್ಳಬೇಕು ಎಂಬುದು ಅರ್ಧ ತೀರ್ಮಾನವಾದಂತೆ. ರಸ್ತೆ ಬದಿ ಹಗ್ಗಕ್ಕೆ ನೇತುಹಾಕಿ ಮಾರುವ ಟೋಪಿಯಂಥ ಹಾಫ್ ಹೆಲ್ಮೆಟ್ಟನ್ನು ತಿರುಗಿಸಿ ಒಳಗೆ ಬೆರಳಿಟ್ಟು ಒತ್ತಿ ನೋಡಿ. ಬಟ್ಟೆಯ ಕೆಳಗೆ ಸಿಗುವುದು ಸ್ಪಂಜು, ಅದರ ಹಿಂದೆ ನೇರ ಪ್ಲಾಸ್ಟಿಕ್ಕು. ಬೆರಳಿಗೇ ಅಮುಕುವ ಸ್ಪಂಜು ತಲೆಯ ಹೊಡೆತಕ್ಕೆ ತಡೆ ಒಡ್ಡದೆ ಪೂರ್ತಿ ಚಪ್ಪಟೆಯಾಗಿಬಿಡುತ್ತದೆ. ಸೂತ್ರದಲ್ಲಿನ 30 ಮಿಲಿಮೀಟರ್ ಅಲ್ಲಿ ಇರುವುದೇ ಇಲ್ಲ. ಒಳ್ಳೆಯ ಹೆಲ್ಮೆಟ್ಟಿನಲ್ಲಿ ಬಟ್ಟೆಯ ಕೆಳಗೆ ಗಟ್ಟಿ ಥರ್ಮಾಕೋಲ್ ಸಿಗಬೇಕು, ಒತ್ತಿದರೆ ಜಗ್ಗಬಾರದು. ಈ ಹಾಫ್ ಹೆಲ್ಮೆಟ್ ಪೊಲೀಸರಿಗೋಸ್ಕರ ಹಾಕುವ ಹೆಲ್ಮೆಟ್. 2018ರ ಆರಂಭದಲ್ಲಿ ಪಕ್ಕದ ಮೈಸೂರಿನಲ್ಲಿ ಪೊಲೀಸರೇ ಅದರ ವಿರುದ್ಧ ತಿರುಗಿಬಿದ್ದ ಮೇಲೆ ಆ ಉಪಯೋಗವೂ ಅನುಮಾನವಾಯಿತು. ಲಕ್ಷದ ಆಸುಪಾಸಿನ ಗಾಡಿಗೆ ಕ್ರೋಮು, ಸ್ಟಿಕ್ಕರು, ಹೊಸ ಸೈಲೆನ್ಸರು ಹಾಕಿಸಿ ತಲೆಗೆ ಇನ್ನೂರು ರೂಪಾಯಿಯ ಟೋಪಿ ಇಡುವವರನ್ನು ನೋಡಿದರೆ, ಹೊಟ್ಟೆಗೆ ಹಿಟ್ಟು ಮತ್ತು ಜುಟ್ಟಿಗೆ ಮಲ್ಲಿಗೆಯ ಗಾದೆ ಇಲ್ಲಿ ಜುಟ್ಟಿನ ಲೆಕ್ಕದಲ್ಲೇ ತಲೆಕೆಳಗಾಗಿದೆ ಅನ್ನಿಸುತ್ತದೆ.

2021ರ ಜೂನ್ 1ರಿಂದ ಭಾರತದಲ್ಲಿ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಕಾನೂನುಬಾಹಿರ. ಗುರುತಿನ ಮೇಲ್ಭಾಗದಲ್ಲಿ ಐಎಸ್ 4151 ಎಂಬ ಮಾನದಂಡದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬರೀ ‘ಐಎಸ್‌ಐ’ ಎಂಬ ಸ್ಟಿಕ್ಕರನ್ನು ಯಾರು ಬೇಕಾದರೂ ಅಂಟಿಸಬಹುದು. ಲೈಸೆನ್ಸ್ ಸಂಖ್ಯೆಯನ್ನು ಮೊಬೈಲಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಯದು, ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲೇ ನಿಂತು ಗೊತ್ತಾಗುತ್ತದೆ. ಬೆಲೆಯ ಬಗ್ಗೆ ತಲೆಕೆಡಿಸಿಕೊಳ್ಳುವುದು ಬೇಡ. ಬ್ರಿಟನ್ ಸರ್ಕಾರ 2007ರಿಂದ ‘ಶಾರ್ಪ್’ ಎಂಬ ಯೋಜನೆಯಡಿ ಅಂಗಡಿಯಲ್ಲಿ ಸಿಗುವ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ನಕ್ಷತ್ರ ಕೊಡುತ್ತಾ ಬಂದಿದೆ. ಅಲ್ಲಿ ದುಬಾರಿಯವು ಕಡಿಮೆ ನಕ್ಷತ್ರ ಪಡೆದದ್ದೂ ಅಗ್ಗದವು ಹೆಚ್ಚು ಪಡೆದದ್ದೂ ಉಂಟು. ಒಂದು ಮಟ್ಟದ ನಂತರ ದುಡ್ಡು ಕೊಡುವುದು ಹಗುರಕ್ಕೆ, ಗಾಳಿಕಿಂಡಿಗೆ, ಚಿತ್ತಾರಕ್ಕೆ. ದುಡ್ಡಿಗಿಂತ ಅಳತೆಗೆ ಗಮನ ಕೊಡಬೇಕು. ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು ಟೇಪನ್ನು ತಲೆಯ ಸುತ್ತ ತನ್ನಿ. 58 ಸೆಂಟಿಮೀಟರ್ ಬಂದರೆ 580 ಎಂದು ಬರೆದದ್ದು ನಿಮ್ಮದು. ಹಾಕಿಕೊಂಡಾಗ ಕೆನ್ನೆ ಸ್ವಲ್ಪ ಒತ್ತಿದಂತಿರಬೇಕು. ಹೆಲ್ಮೆಟ್ಟನ್ನು ಹಿಡಿದು ಅಲ್ಲಾಡಿಸಿದರೆ ಹುಬ್ಬಿನ ಚರ್ಮವೂ ಜೊತೆಗೆ ಸರಿಯಬೇಕು. ಬೈಕಿನ ಜೊತೆ ಹೆಲ್ಮೆಟ್ ಕೊಡಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ, ಆದರೆ ಕೊಟ್ಟದ್ದು ನಿಮ್ಮ ತಲೆಯ ಅಳತೆಯದೇ ಆಗಿರುವುದು ಅದೃಷ್ಟ. ಇನ್ನು, ಗಲ್ಲ ಮುಚ್ಚುವ ಫುಲ್ ಫೇಸ್ ಬೇಕೇ? ಜರ್ಮನಿಯ ಹ್ಯಾನೋವರ್‌ನಲ್ಲಿ ಡೀಟ್ಮರ್ ಒಟ್ಟೆ ಅಪಘಾತಕ್ಕೀಡಾದ ಹೆಲ್ಮೆಟ್‌ಗಳ ಮೇಲಿನ ಪೆಟ್ಟಿನ ಗುರುತುಗಳನ್ನು ಗುರುತಿಸಿದಾಗ, ಸುಮಾರು ಮೂರನೇ ಒಂದು ಭಾಗ ಗಲ್ಲ–ದವಡೆಯ ಭಾಗದಲ್ಲೇ ಇದ್ದವು. ಮಕಾಡೆ ಬೀಳುವುದು ಅಷ್ಟು ಸಾಮಾನ್ಯ. ಹೊಸಬನಿಗೆ ಫುಲ್ ಫೇಸೇ ಸರಿ.

ಕೊಂಡ ಮೇಲೆ ಅದನ್ನು ಕೆಡಿಸುವ ಎರಡು ಅಭ್ಯಾಸ ನಮ್ಮಲ್ಲಿ ಬಹಳ. ಒಂದು, ಬಕಲ್ ಹಾಕದಿರುವುದು. ಬೀಳುವಾಗ ಮೊದಲು ಹಾರಿಹೋಗುವುದು ಆ ಹೆಲ್ಮೆಟ್ಟೇ. ಇನ್ನೊಂದು, ಹೆಲ್ಮೆಟ್ಟನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಬೋರಲು ಹಾಕುವುದು, ಮುಚ್ಚಳದಿಂದ ಒಸರಿದ ಪೆಟ್ರೋಲನ್ನು ಒರೆಸಿದ ಬಟ್ಟೆಯಲ್ಲೇ ಅದನ್ನೂ ಒರೆಸುವುದು. ಥರ್ಮಾಕೋಲ್ ಅಂದರೆ ಪಾಲಿಸ್ಟೈರೀನ್, ಅದು ಪೆಟ್ರೋಲಿನಲ್ಲಿ ಕರಗುತ್ತದೆ. ಒಂದು ತುಂಡು ಥರ್ಮಾಕೋಲಿನ ಮೇಲೆ ನಾಲ್ಕು ಹನಿ ಬಿಟ್ಟರೆ ಅದು ಕುಗ್ಗಿ ಗುಳಿ ಬೀಳುವುದನ್ನು ಕಣ್ಣಾರೆ ನೋಡಬಹುದು. ಹೊರಗಿನ ಚಿಪ್ಪು ಹೊಳೆಯುತ್ತಲೇ ಇರುತ್ತದೆ, ಒಳಗಿನ ಸೆಂಟಿಮೀಟರು ಕಳೆದುಹೋಗಿರುತ್ತದೆ. ಒಮ್ಮೆ ತಲೆಯ ಸಮೇತ ಬಡಿದ ಹೆಲ್ಮೆಟ್ಟಿನದೂ ಇದೇ ಕಥೆ: ಪುಡಿಯಾದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಅದನ್ನು ಬದಲಾಯಿಸಲೇಬೇಕು.

ಇಷ್ಟಾದರೂ ‘ಹೆಲ್ಮೆಟ್ ಹಾಕಿದವರೂ ಸತ್ತಿಲ್ಲವಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸತ್ತಿದ್ದಾರೆ. ಥರ್ಮಾಕೋಲಿನ ಲೆಕ್ಕ ನೆಲಕ್ಕೆ ಬೀಳುವ ಹೊಡೆತದ್ದು; ಮುಂದಕ್ಕೆ ಹೋಗುತ್ತಿದ್ದ ವೇಗ ಟಾರಿನ ಮೇಲೆ ಜಾರುತ್ತಾ ಹಲವು ಮೀಟರುಗಳಲ್ಲಿ ಕಳೆದುಹೋದರೆ ಸರಿ, ಅದರ ಬದಲು ತಲೆ ನೇರ ಮೈಲಿಗಲ್ಲಿಗೋ ಲಾರಿಯ ಚಾಸಿಗೋ ಬಡಿದರೆ ಮೂರು ಸೆಂಟಿಮೀಟರ್ ಸಾಲುವುದಿಲ್ಲ. ಪ್ರಯೋಗಾಲಯದಲ್ಲೂ ಹೆಲ್ಮೆಟ್ಟನ್ನು ಬಡಿಯುವುದು ಗಂಟೆಗೆ 27 ಕಿಲೋಮೀಟರಿನ ಸುತ್ತಮುತ್ತಲಿನ ವೇಗದಲ್ಲೇ. ಹೀಗಾಗಿ ಕೇಳಬೇಕಾದ್ದು ಒಟ್ಟಾರೆ ಎಷ್ಟು ಜನ ಉಳಿಯುತ್ತಾರೆ ಎಂದು. 61 ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಹೊರಬಂದ ಕಾಕ್ರೇನ್ ಸಮೀಕ್ಷೆಯ ಪ್ರಕಾರ ಹೆಲ್ಮೆಟ್ ಸಾವಿನ ಸಂಭವವನ್ನು ಸುಮಾರು 42 ಶೇಕಡ, ತಲೆಪೆಟ್ಟಿನ ಸಂಭವವನ್ನು ಸುಮಾರು 69 ಶೇಕಡ ತಗ್ಗಿಸುತ್ತದೆ. ‘ಕಿವಿ ಕೇಳಿಸಲ್ಲ, ಪಕ್ಕ ಕಾಣಲ್ಲ’ ಎಂಬುದಕ್ಕೆ ಉತ್ತರ ಇನ್ನೂ ಹಳೆಯದು. ಅಮೆರಿಕದ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಸ್ಥಳಕ್ಕೇ ಹೋಗಿ ತನಿಖೆ ಮಾಡಿ 1981ರಲ್ಲಿ ಕೊಟ್ಟ ವರದಿಯಲ್ಲಿ, ಹೆಲ್ಮೆಟ್ಟಿನಿಂದಾಗಿ ಸದ್ದು ಕೇಳದೆ, ನೋಟ ಮರೆಯಾಗಿ ಅಪಘಾತವಾಯಿತೆಂದು ಹೇಳುವ ಪುರಾವೆ ಸಿಗಲಿಲ್ಲ. ಅದೇ ವರದಿಯ ಇನ್ನೊಂದು ಅಂಕಿ ‘ಇಲ್ಲೇ ಹೋಗಿ ಬತ್ತೀನಿ’ಯವರು ಓದಬೇಕಾದ್ದು: ಅಗಲವಾದ ಅಮೆರಿಕನ್ ರಸ್ತೆಗಳಲ್ಲೂ ಡಿಕ್ಕಿಯ ಕ್ಷಣದ ಮಧ್ಯಾಂಕ ವೇಗ ಗಂಟೆಗೆ 35 ಕಿಲೋಮೀಟರಿಗಿಂತ ಹೆಚ್ಚಿರಲಿಲ್ಲ. ಸೆಕೆಯ ಆಕ್ಷೇಪಕ್ಕೆ ಮಾತ್ರ ನನ್ನ ಬಳಿ ಖಂಡನೆಯಿಲ್ಲ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ ಫುಲ್ ಫೇಸ್ ಹಿಂಸೆಯೇ. ತಿಳಿ ಬಣ್ಣದ್ದು, ಗಾಳಿಕಿಂಡಿ ಇರುವುದು, ಒಳಗಿನ ಬಟ್ಟೆ ಬಿಚ್ಚಿ ಒಗೆಯಲು ಬರುವುದು ಕೊಂಡರೆ ಹಿಂಸೆ ತುಸು ಕಡಿಮೆ, ಅಷ್ಟೆ. ಹೆಲ್ಮೆಟ್ಟಿನಿಂದ ಕೂದಲು ಉದುರುತ್ತದೆ ಅನ್ನುವವರು ಅದಕ್ಕೆ ಬಹುಪಾಲು ಅಪ್ಪ, ತಾತಂದಿರನ್ನು ದೂರಬೇಕು. ಇಲ್ಲೊಂದು ತಮಾಷೆಯ ಲಾಭವನ್ನೂ ಹೇಳಿಬಿಡಬೇಕು: ಪಶ್ಚಿಮ ಜರ್ಮನಿ 1980ರಲ್ಲಿ ಹೆಲ್ಮೆಟ್ ಇಲ್ಲದವರಿಗೆ ಸ್ಥಳದಲ್ಲೇ ದಂಡ ಹಾಕಲು ಶುರುಮಾಡಿದ ಮೇಲೆ ಆರೇ ವರ್ಷದಲ್ಲಿ ಬೈಕ್ ಕಳ್ಳತನ ಸುಮಾರು ಮೂರನೇ ಒಂದಕ್ಕೆ ಇಳಿಯಿತು. ಕಳ್ಳ ಕೈಯಲ್ಲಿ ಹೆಲ್ಮೆಟ್ ಹಿಡಿದು ಬರುವುದಿಲ್ಲವಲ್ಲ!

ಈಗ ಮೀಟರುಗಳ ಲೆಕ್ಕ, ಅಂದರೆ ಬೈಕು. ಕಬ್ಬು ಅರೆಯುವ ಹಂಗಾಮಿನ ಒಂದು ರಾತ್ರಿಯನ್ನು ತೆಗೆದುಕೊಳ್ಳಿ. ಮಂಡ್ಯದ ಮೈಷುಗರ್ 1933ರಲ್ಲಿ ಶುರುವಾದಾಗಿನಿಂದ ಈ ಜಿಲ್ಲೆಯ ರಸ್ತೆಗಳಲ್ಲಿ ಕಬ್ಬಿನ ಗಾಡಿ ಇದ್ದೇ ಇದೆ. ಎತ್ತಿನ ಗಾಡಿ ಹೋಗಿ ಟ್ರ್ಯಾಕ್ಟರ್ ಟ್ರೇಲರ್ ಬಂದಿದೆ. ಟೈರ್ ಪಂಕ್ಚರಾಗಿಯೋ ಸರದಿಗೆ ಕಾಯುತ್ತಲೋ ಟ್ರೇಲರ್ ರಸ್ತೆಯಂಚಿಗೆ ನಿಂತಿದೆ, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಇಳಿಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿದೆ. ಡಿಮ್ ಲೈಟಿನಲ್ಲಿ ಅದು 35 ಮೀಟರ್ ದೂರದಲ್ಲಿ ಕಂಡಿತು ಎಂದುಕೊಳ್ಳಿ. ಕಂಡದ್ದು ಮಿದುಳಿಗೆ ತಿಳಿದು ಕೈಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್. 60ರಲ್ಲಿ ಹೋಗುತ್ತಿದ್ದವನು ಆ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತಾನೆ, ಎರಡೂ ಬ್ರೇಕನ್ನು ಚೆನ್ನಾಗಿ ಹಿಡಿದರೆ ನಿಲ್ಲಲು ಇನ್ನೂ 24 ಮೀಟರ್ ಬೇಕು. ಒಟ್ಟು 41. ಟ್ರೇಲರ್ ಇರುವುದು 35ರಲ್ಲಿ. 40ರಲ್ಲಿ ಹೋಗುತ್ತಿದ್ದವನಿಗೆ 11 ಮೀಟರ್ ಯೋಚನೆಗೆ, ಸುಮಾರು 10 ಮೀಟರ್ ಬ್ರೇಕಿಗೆ, 21–22ರಲ್ಲಿ ನಿಂತಿರುತ್ತಾನೆ. ವೇಗ ಒಂದೂವರೆ ಪಟ್ಟಾದರೆ ಬ್ರೇಕಿನ ದೂರ ಎರಡೂಕಾಲು ಪಟ್ಟಾಗುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಈ ಲೆಕ್ಕದಲ್ಲಿ ಎಂಜಿನ್ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ.

ಬ್ರೇಕಿನ ವಿಷಯದಲ್ಲಿ ನಮ್ಮ ಕಡೆ ಹುಡುಗರಿಗೆ ಸಿಗುವ ಮೊದಲ ಉಪದೇಶವೇ ತಪ್ಪು: ‘ಮುಂದ್ಲ ಬ್ರೇಕ್ ಹಿಡೀಬ್ಯಾಡ, ಮಕಾಡೆ ಬೀಳ್ತೀಯ.’ ಬ್ರೇಕ್ ಹಾಕಿದೊಡನೆ ತೂಕ ಮುಂದಕ್ಕೆ ವಾಲುತ್ತದೆ. ಗಟ್ಟಿಯಾಗಿ ಹಿಡಿದಾಗ ಒಟ್ಟು ತೂಕದ ಮುಕ್ಕಾಲು ಭಾಗ ಮುಂದಿನ ಚಕ್ರದ ಮೇಲೆಯೇ ಇರುತ್ತದೆ. ಹಿಂದಿನ ಚಕ್ರ ಹಗುರವಾಗಿ, ಅದನ್ನು ಎಷ್ಟು ತುಳಿದರೂ ಜಾರುವುದೇ ಹೊರತು ಹಿಡಿಯುವುದಿಲ್ಲ. ಹಿಂದಿನ ಬ್ರೇಕೊಂದರಲ್ಲೇ ನಿಲ್ಲಿಸುವವನಿಗೆ 40ರ ವೇಗದಲ್ಲಿ 10 ಮೀಟರ್ ಸಾಲದು, 20 ಬೇಕು. ಉಪದೇಶ ಹುಟ್ಟಿದ್ದು ಮುಂದಿನ ಬ್ರೇಕನ್ನು ತಟಕ್ಕನೆ ಹಿಡಿದು, ಅದೂ ತಿರುವಿನಲ್ಲಿ ಅಥವಾ ಮರಳಿನ ಮೇಲೆ ಹಿಡಿದು, ಚಕ್ರ ಕಚ್ಚಿಕೊಂಡು ಬಿದ್ದವರ ಅನುಭವದಿಂದ; ಆ ಮಟ್ಟಿಗೆ ಅದು ನಿಜ. ಮಳವಳ್ಳಿ ಕಡೆಯ ಹಳ್ಳಿ ರಸ್ತೆಗಳು ರಾಗಿ, ಹುರುಳಿ ಕಟಾವಿನ ಕಾಲಕ್ಕೆ ಕಣವೇ ಆಗಿಬಿಡುತ್ತವೆ. ಟಾರಿನ ಮೇಲೆ ಹರಡಿದ ಹುಲ್ಲಿನ ಮೇಲೆ ಮುಂದಿನ ಬ್ರೇಕ್ ಹಿಡಿದವನು ಖಂಡಿತ ಬೀಳುತ್ತಾನೆ. ಇದಕ್ಕೆ ಯಂತ್ರಶಾಸ್ತ್ರದ ಉತ್ತರ ಎಬಿಎಸ್: ಚಕ್ರ ಕಚ್ಚಿಕೊಳ್ಳುವ ಸೂಚನೆ ಸಿಕ್ಕೊಡನೆ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಬಿಗಿಯುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಅಧ್ಯಯನದಲ್ಲಿ ಎಬಿಎಸ್ ಇರುವ ಬೈಕುಗಳ ಮಾರಣಾಂತಿಕ ಅಪಘಾತದ ದರ, ಅದೇ ಮಾದರಿಯ ಎಬಿಎಸ್ ಇಲ್ಲದವುಗಳಿಗಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆ ಕಂಡುಬಂತು. ಆದರೆ ಹುಲ್ಲಿನ ಮೇಲೆ ಎಬಿಎಸ್ ಬೀಳದಂತೆ ಕಾಯುತ್ತದೆಯೇ ಹೊರತು ದೂರವನ್ನು ಕಡಿಮೆ ಮಾಡಲಾರದು. ಹಿಡಿತವೇ ಇಲ್ಲದ ಕಡೆ ಅದು ಹಿಡಿತ ಹುಟ್ಟಿಸುವುದಿಲ್ಲ.

ಇಲ್ಲಿ ನನ್ನ ವಾದಕ್ಕೇ ಒಂದು ಗಂಟು ಬೀಳುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2019ರ ಏಪ್ರಿಲ್ 1ರಿಂದ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಇದ್ದರೆ ಸಾಕೆಂದು ನಿಯಮ ಬಂತು. ಸಿಬಿಎಸ್‌ನಲ್ಲಿ ಹಿಂದಿನ ಬ್ರೇಕ್ ತುಳಿದಾಗ ಮುಂದಿನದೂ ಸ್ವಲ್ಪ ಹಿಡಿಯುತ್ತದೆ, ಹಳೆ ಉಪದೇಶದವರಿಗೆ ತಕ್ಕ ಏರ್ಪಾಡು. ಹಾಗಾದರೆ ನಿಲ್ಲುವ ದೂರವೇ ಮುಖ್ಯವೆನ್ನುವವನು 100 ಸಿಸಿಯ ಬದಲು 150, 200 ಸಿಸಿಯನ್ನೇ ಹೊಗಳಬೇಕಲ್ಲವೇ? ಬ್ರೇಕ್ ಒಂದನ್ನೇ ನೋಡಿದರೆ ಹೌದು. ಆದರೆ ನಿಲ್ಲುವ ದೂರ ಶುರುವಾಗುವುದು ಎಷ್ಟು ವೇಗದಿಂದ ಎಂಬುದೂ ಲೆಕ್ಕಕ್ಕೆ ಬರಬೇಕು. ಹೀರೋ ಸ್ಪ್ಲೆಂಡರ್ 97 ಸಿಸಿ, ಸುಮಾರು 8 ಅಶ್ವಶಕ್ತಿ, 112 ಕಿಲೋ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಸುಮಾರು 20 ಅಶ್ವಶಕ್ತಿ, 195 ಕಿಲೋ. ಕೆಟಿಎಂ 200 ಡ್ಯೂಕ್ ಸುಮಾರು 25 ಅಶ್ವಶಕ್ತಿ, 160 ಕಿಲೋದ ಆಸುಪಾಸು. 65 ಕಿಲೋದ ಸವಾರನನ್ನು ಸೇರಿಸಿ ಪ್ರತಿ ನೂರು ಕಿಲೋಗೆ ಎಷ್ಟು ಶಕ್ತಿ ಎಂದು ನೋಡಿದರೆ ಸ್ಪ್ಲೆಂಡರಿಗೆ ನಾಲ್ಕೂವರೆ, ಕ್ಲಾಸಿಕ್‌ಗೆ ಎಂಟರ ಹತ್ತಿರ, ಡ್ಯೂಕ್‌ಗೆ ಹನ್ನೊಂದು. ಹೊಸಬನ ತಪ್ಪುಗಳನ್ನು ಈ ಸಂಖ್ಯೆ ಗುಣಿಸುತ್ತದೆ. ಬಣ್ಣ ಬಳಿಯದ ಹಂಪ್ ಒಂದನ್ನು ಕಾಣದೆ ಹಾರಿಸಿದಾಗ ಮೈ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಹ್ಯಾಂಡಲ್ ಹಿಡಿದ ಬಲಗೈ ಮಣಿಕಟ್ಟು ತಾನಾಗಿ ಕೆಳಕ್ಕೆ ತಿರುಗಿ ಆಕ್ಸಿಲರೇಟರ್ ಏರುತ್ತದೆ, ಗಾಡಿ ಮುಂದಕ್ಕೆ ಹಾರಿದಷ್ಟೂ ಮೈ ಇನ್ನಷ್ಟು ಹಿಂದಕ್ಕೆ. ನಾಲ್ಕೂವರೆಯ ಗಾಡಿಯಲ್ಲಿ ಇದು ಒಂದು ಗಾಬರಿಯಷ್ಟೇ. ಹನ್ನೊಂದರ ಗಾಡಿಯಲ್ಲಿ ಎದುರಿನ ಅಂಗಡಿಯ ಕಟ್ಟೆ.

ತೂಕದ ಪಾಠ ಇನ್ನೂ ನಿಧಾನವಾದ ಕಡೆ ಸಿಗುತ್ತದೆ, ಗಾಡಿ ನಿಂತಿರುವಾಗ. ಬೈಕು 20 ಡಿಗ್ರಿ ವಾಲಿದರೆ ಅದನ್ನು ಹ್ಯಾಂಡಲ್ ಹಿಡಿದು ತಡೆಯಲು ಸ್ಪ್ಲೆಂಡರಿಗೆ ಹೆಚ್ಚುಕಡಿಮೆ 19 ಕಿಲೋ ಎತ್ತುವಷ್ಟು ಬಲ ಬೇಕು, ಕ್ಲಾಸಿಕ್‌ಗೆ 33 ಕಿಲೋದಷ್ಟು. ಎರಡೂ ಪಾದ ನೆಲಕ್ಕೆ ಪೂರ್ತಿ ಊರಿದವನು ಇದನ್ನು ತಡೆದಾನು, ತುದಿಗಾಲಲ್ಲಿ ನಿಂತವನು ತಡೆಯಲಾರ. ಸೀಟಿನ ಎತ್ತರ ಮುಖ್ಯವಾಗುವುದು ಇಲ್ಲಿ. ಸ್ಪ್ಲೆಂಡರಿನದು 785 ಮಿಲಿಮೀಟರ್, ಡ್ಯೂಕಿನದು 822. ನಾಲ್ಕು ಸೆಂಟಿಮೀಟರಿನ ಹತ್ತಿರದ ವ್ಯತ್ಯಾಸ ಕಾಗದದಲ್ಲಿ ಏನೂ ಅಲ್ಲ, ಮಳೆ ಬಂದು ಕೆಸರಾದ ಸರ್ವಿಸ್ ರಸ್ತೆಯಂಚಿನಲ್ಲಿ ಕಾಲೂರುವಾಗ ಅದೇ ಎಲ್ಲ. ಆರ್‌ಟಿಒ ಮುಂದೆ ‘ಎಂಟು’ ಹಾಕಿಸುವುದು ಈ ನಿಧಾನದ ಸಮತೋಲವನ್ನೇ ಪರೀಕ್ಷಿಸಲು. ಆ ಪರೀಕ್ಷೆ ತಪ್ಪಲ್ಲ, ಅರ್ಧ ಅಷ್ಟೆ. ಎಂಟು ಹಾಕಿ ತೋರಿಸಿದವನು ತುರ್ತಾಗಿ ಬ್ರೇಕ್ ಹಾಕಬಲ್ಲನೇ ಎಂಬುದು ಅಲ್ಲಿ ಗೊತ್ತಾಗುವುದಿಲ್ಲ.

ಎಲ್ಲವನ್ನೂ ತೂಗಿದರೆ ನನಗೆ ಸರಿಕಾಣುವುದು 125ರಿಂದ 160 ಸಿಸಿಯ ನಡುವಿನ, ಎಬಿಎಸ್ ಇರುವ, 140 ಕಿಲೋ ಮೀರದ, ಪಾದ ಊರಲು ಬರುವ ಗಾಡಿ. 125 ಸಿಸಿಯಲ್ಲೂ ಎಬಿಎಸ್ ಸಿಗತೊಡಗಿದೆ. 2024ರಲ್ಲಿ ಬಂದ ಹೀರೋ ಎಕ್ಸ್‌ಟ್ರೀಮ್ 125ಆರ್ ಅಂಥದೊಂದು. ಅಷ್ಟು ಹಣವಿಲ್ಲದಿದ್ದರೆ ಸಿಬಿಎಸ್ ಇರುವ 100 ಸಿಸಿ, 45 ದಾಟದ ಸಂಕಲ್ಪ. ಇದಕ್ಕೆ ಹುಡುಗರ ಉತ್ತರ ಗೊತ್ತೇ ಇದೆ: ‘ಆರು ತಿಂಗ್ಳಲ್ಲಿ ಬೇಜಾರಾಯ್ತದೆ, ಆಮೇಲೆ ದೊಡ್ಡದು ತಗೊಂಡ್ರೆ ಎರಡು ಖರ್ಚು.’ ಆ ಆರು ತಿಂಗಳ ಬಗ್ಗೆಯೇ ಹರ್ಟ್ ವರದಿಯಲ್ಲಿ ಒಂದು ಮಾತಿದೆ. ಅಪಘಾತಕ್ಕೀಡಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆ ಬೈಕಿನ ಮೇಲಿನ ಅನುಭವ ಐದು ತಿಂಗಳಿಗಿಂತ ಕಡಿಮೆ. ಒಟ್ಟು ಬೈಕ್ ಓಡಿಸಿದ ಅನುಭವ ಮಾತ್ರ ಸರಿಸುಮಾರು ಮೂರು ವರ್ಷ. ಅಪಾಯ ಹೆಚ್ಚಿರುವುದು ಗಾಡಿ ಹೊಸದಾಗಿರುವಾಗ, ಸವಾರನೂ ಹೊಸಬನಾದರೆ ಕೇಳುವುದೇ ಬೇಡ. ಆ ತಿಂಗಳುಗಳನ್ನು ಹಗುರ ಗಾಡಿಯ ಮೇಲೆ ಕಳೆಯಲಿ. ಎರಡು ಖರ್ಚಿನ ಭಯಕ್ಕೆ ಸೆಕೆಂಡ್ ಹ್ಯಾಂಡ್ ಇದೆ. ಸ್ಪ್ಲೆಂಡರಿಗೆ ಕೊಳ್ಳುವವರು ಯಾವ ಹಳ್ಳಿಯಲ್ಲೂ ಸಿಗುತ್ತಾರೆ, ಮಾರುವಾಗ ನಷ್ಟ ಕಡಿಮೆ. ಹಳೆ ಗಾಡಿ ಕೊಳ್ಳುವಾಗ ಎಂಜಿನ್ ಸದ್ದು ಕೇಳುವ ಮೊದಲು ಟೈರು ಸವೆದಿದೆಯೇ, ಬ್ರೇಕ್ ಲೈನರ್ ಎಷ್ಟು ಉಳಿದಿದೆ ನೋಡಿ, ಮೀಟರುಗಳು ಇರುವುದು ಅಲ್ಲೇ. ಓವರ್‌ಟೇಕ್‌ಗೆ ಶಕ್ತಿ ಬೇಕೆಂಬ ಆಕ್ಷೇಪವೂ ಒಂದಿದೆ, ಅದರಲ್ಲಿ ಹುರುಳಿದೆ. 20ರಲ್ಲಿ ಹೋಗುವ, ಟ್ರೇಲರ್ ಸೇರಿ 15 ಮೀಟರ್ ಉದ್ದದ ಕಬ್ಬಿನ ಟ್ರ್ಯಾಕ್ಟರನ್ನು 45ರಲ್ಲಿ ದಾಟಲು ಐದು ಸೆಕೆಂಡ್ ಬೇಕು. ಎದುರಿನಿಂದ 60ರಲ್ಲಿ ಬಸ್ ಬರುತ್ತಿದ್ದರೆ 150 ಮೀಟರ್ ಖಾಲಿ ರಸ್ತೆ ಬೇಕು. 60ರಲ್ಲಿ ದಾಟಿದರೆ 105 ಮೀಟರ್ ಸಾಕು. ದೊಡ್ಡ ಎಂಜಿನ್ ಉಳಿಸಿಕೊಡುವುದು ಈ 45 ಮೀಟರನ್ನು. ಅದೇ ಟ್ರ್ಯಾಕ್ಟರ್ ಸಿಗ್ನಲ್ ಕೊಡದೆ ತೋಟದ ದಾರಿಗೆ ಬಲಕ್ಕೆ ತಿರುಗಿದರೆ, 60ರವನಿಗೆ ನಿಲ್ಲಲು 41 ಮೀಟರ್ ಬೇಕು, 45ರವನಿಗೆ 26. ಹಿಂದೆ ಒಂದು ನಿಮಿಷ ಕಾದರೆ ಎರಡೂ ಬೇಡ.

ಇನ್ನು ಹಿಂದಿನ ಸೀಟು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 74,897 ಮಂದಿ ಬೈಕ್–ಸ್ಕೂಟರಿನವರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಹೆಲ್ಮೆಟ್ ಧರಿಸದೆ ಸತ್ತವರು 50,029. ಅದರಲ್ಲಿ 14,337 ಮಂದಿ ಹಿಂದೆ ಕೂತವರು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರಿಂದಲೇ ಹೆಲ್ಮೆಟ್ ಕಡ್ಡಾಯ, ಆದರೂ ಮೊದಲ ಬೈಕಿನ ಬಜೆಟ್ಟಿನಲ್ಲಿ ಎರಡನೇ ಹೆಲ್ಮೆಟ್ಟಿಗೆ ಜಾಗವಿರುವುದು ಅಪರೂಪ. ಒಂದೇ ಬದಿಗೆ ಕಾಲು ಹಾಕಿ ಕೂತ ಅವ್ವನ ತಲೆಯೂ ನೆಲದಿಂದ ಅದೇ ಒಂದೂವರೆ ಮೀಟರ್ ಮೇಲಿದೆ, ಹಿಡಿದುಕೊಳ್ಳಲು ಹ್ಯಾಂಡಲ್ ಇಲ್ಲ, ಬ್ರೇಕ್ ಬೀಳುವ ಸೂಚನೆಯೂ ಅವಳಿಗೆ ಮೊದಲೇ ಸಿಗುವುದಿಲ್ಲ. ಮಳವಳ್ಳಿಯಲ್ಲಿ ತಲೆಗೆ ದೊಡ್ಡ ಪೆಟ್ಟಾದರೆ ಮೈಸೂರಿಗೋ, ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನ ನಿಮ್ಹಾನ್ಸ್‌ಗೋ ಸಾಗಿಸಬೇಕಾಗಿ ಬರುವುದು ಹೊಸದೇನಲ್ಲ. ಆ ದೂರವನ್ನು ಯಾವ ಬೈಕೂ ಕಡಿಮೆ ಮಾಡಲಾರದು.

ಗಾಡಿ ಮನೆಗೆ ಬಂದ ಮೇಲೆ ಮಾಡಬೇಕಾದ ಮೊದಲ ಪ್ರಯೋಗಕ್ಕೆ ಬೇಕಾದ್ದು ಮನೆ ಕಟ್ಟದ ಹೊಸ ಲೇಔಟಿನ ಒಂದು ಖಾಲಿ ರಸ್ತೆ, ಒಂದು ಸುಣ್ಣದ ಗೀಟು. ಬೆಳಗಿನ ಜಾವ ಗೀಟಿನತ್ತ 20ರಲ್ಲಿ ಬಂದು, ಮುಂದಿನ ಚಕ್ರ ಗೀಟು ಮುಟ್ಟಿದಾಗ ಎರಡೂ ಬ್ರೇಕ್ ಹಿಡಿಯಬೇಕು. ಮುಂದಿನದನ್ನು ತಟಕ್ಕನೆ ಅಲ್ಲ, ಹಿಂಡುತ್ತಾ ಹೋಗಬೇಕು, ಕಣ್ಣು ದೂರದಲ್ಲಿರಬೇಕು. ನಿಂತಲ್ಲಿಗೆ ಹೆಜ್ಜೆ ಹಾಕಿ ಎಣಿಸಿ. ಆಮೇಲೆ 30, ಕೈ ಪಳಗಿದ ಮೇಲೆ 40. ಹಾಗೆಯೇ ಒಮ್ಮೆ ಬರೀ ಹಿಂದಿನ ಬ್ರೇಕಿನಲ್ಲಿ 30ರಿಂದ ನಿಲ್ಲಿಸಿ ಹೆಜ್ಜೆ ಎಣಿಸಿದರೆ ಹಳೆ ಉಪದೇಶದ ಬೆಲೆ ಕಾಲಿಗೇ ತಿಳಿಯುತ್ತದೆ. ಕೊನೆಗೆ ಹಿಂದೆ ಒಬ್ಬರನ್ನು, ಹೆಲ್ಮೆಟ್ ಸಮೇತ, ಕೂರಿಸಿಕೊಂಡು ಎಲ್ಲವನ್ನೂ ಮತ್ತೆ ಮಾಡಬೇಕು. ಇಬ್ಬರಿದ್ದಾಗ ತೂಕದ ಹೆಚ್ಚಿನ ಪಾಲು ಹಿಂದಿನ ಚಕ್ರಕ್ಕೆ ಸರಿಯುತ್ತದೆ, ಹಾಗಾಗಿ ಹಿಂದಿನ ಬ್ರೇಕಿಗೆ ಒಬ್ಬನೇ ಇದ್ದಾಗಿಗಿಂತ ಹೆಚ್ಚು ಕೆಲಸ ಕೊಡಬಹುದು. ಮುಂದಿನದನ್ನು ಹಿಂಡಬೇಕಾದ ಬಲವೂ ಹೆಚ್ಚುತ್ತದೆ. ಹಿಂದೆ ಕೂತವರು ಸವಾರನ ಬೆನ್ನ ಮೇಲೆ ಬಂದು ಒರಗುವುದರಿಂದ ಮೊಣಕೈ ಬಿಗಿಯಾಗುತ್ತದೆ, ಅದಕ್ಕೆ ಟ್ಯಾಂಕನ್ನು ಮಂಡಿಯಲ್ಲಿ ಅವುಚಿ ಹಿಡಿಯುವುದು ಅಭ್ಯಾಸವಾಗಬೇಕು. ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿ ಹೆಚ್ಚಿಸುವ ರಿಂಗು ಬಹಳಷ್ಟು ಗಾಡಿಗಳಲ್ಲಿ ಇರುತ್ತದೆ. ದಿನವೂ ಇಬ್ಬರು ಓಡಾಡುವುದಾದರೆ ಮೊದಲ ಸರ್ವಿಸಿನಲ್ಲೇ ಅದನ್ನು ಒಂದೆರಡು ಹಲ್ಲು ಏರಿಸಲು ಹೇಳಬಹುದು, ಟೈರಿನ ಗಾಳಿಯನ್ನೂ ಇಬ್ಬರ ಲೆಕ್ಕಕ್ಕೆ ಇಡಿಸಬಹುದು. ಎಷ್ಟು ಗಾಳಿ ಎಂಬುದು ಚೈನ್ ಕವರಿನ ಹತ್ತಿರದ ಸ್ಟಿಕ್ಕರಿನಲ್ಲೋ ಜೊತೆಗೆ ಕೊಟ್ಟ ಪುಸ್ತಕದಲ್ಲೋ ಬರೆದಿರುತ್ತದೆ.